ಕುತ್ತಿಗೆಗೆ ಸಿಕ್ಕ ಕೊಸರು

ನನ್ನ ಕುತ್ತಿಗೆಯ ಆಪರೇಷನ್ನಿಗೆ ಅರವತ್ತು ಸಾವಿರ ಹೇಳಿದ್ದರು, ಐವತ್ತೆಂಟಕ್ಕೆ ಇಳಿಸಿದೆ. ಥೈರಾಯ್ಡ್ ಗಂಟು ನಿಂಬೆಹಣ್ಣಿನಷ್ಟು ಊದಿ ಅನ್ನ ನುಂಗಲೂ ತೊಡಕಾಗಿತ್ತು, ಬೇರೆ ದಾರಿಯಿರಲಿಲ್ಲ. ಆದರೂ ಹೇಳಿದ ರೇಟಿಗೆ ತಲೆಯಾಡಿಸುವುದು ನನ್ನ ಜಾಯಮಾನವಲ್ಲ. ಶಿರಾಳಕೊಪ್ಪದ ಸಂತೆಯಲ್ಲಿ ಗೋಣಿತಾಟು ಹಾಸಿ ಸ್ಟೀಲ್ ಲೋಟ ಮಾರುತ್ತಿದ್ದವಳು ಇಂದು ಪಾತ್ರೆ ಅಂಗಡಿ ಇಟ್ಟಿದ್ದರೆ ಅದು ಈ ಗಂಟಲಿನ ಪುಣ್ಯ. ಅದರ ಮೇಲೇ ಕತ್ತರಿ ಆಡಿಸುತ್ತಾರೆಂದರೆ ಸುಮ್ಮನಿರಲಾಗುತ್ತದೆಯೇ? "ನಮ್ಮಂಗಡೀಲಿ ಕೊಡಪಾನ ಕೊಂಡ್ರೆ ಒಂದು ಚಮಚ ಕೊಸರು ಹಾಕ್ತೀನಿ. ನೀವೇನು ಹಾಕ್ತೀರಿ ಡಾಕ್ಟ್ರೇ?" ಎಂದು ಕೇಳಿಯೇಬಿಟ್ಟೆ. ಅವರು ನಕ್ಕು, ಹೊಲಿಗೆ ಹಾಕುವ ಮುಂಚೆ ಗಾಯದ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೇನೆ, ಎಚ್ಚರವಾದ ಮೇಲೂ ಕೆಲವು ತಾಸು ನೋವು ತಿಳಿಯುವುದಿಲ್ಲ ಎಂದರು.

ಹಾಗೇ ಆಯಿತು. ಎದ್ದಾಗ ಕುತ್ತಿಗೆ ಯಾರದೋ ಅನ್ನಿಸಿತು. ಮಾತಾಡದೆ ಮಲಗಿರಿ ಎಂದರು, ಅದೇ ಕಷ್ಟ. ಫ್ಯಾನು ಓಲಾಡುತ್ತಿತ್ತು, ಮಂಚ ಕಿರುಗುಟ್ಟುತ್ತಿತ್ತು, ಅಂಗಡಿಯಲ್ಲಿ ಯಾರು ಯಾವ ರೇಟಿಗೆ ಏನು ಕೊಡುತ್ತಿದ್ದಾರೋ ಎಂದು ಕಾಲು ತಾನಾಗಿ ಅಲುಗುತ್ತಿತ್ತು. ಸೊರಬದ ನಾದಿನಿಯ ಫೋನ್ ಬಂದಾಗ, ಇಂಜೆಕ್ಷನ್ನನ್ನು ಕೊಸರಾಗಿ ಗಿಟ್ಟಿಸಿದ ಕಥೆಯನ್ನು ಪಿಸುದನಿಯಲ್ಲೇ ಹೇಳಿದೆ. ಅಷ್ಟರಲ್ಲಿ ಸಿಸ್ಟರ್ ಬಂದು, "ಅಕ್ಕಾರೆ, ಮರಗಟ್ಟಿದ್ದು ಇಳಿಯೋಕೆ ಮುಂಚೆ ಕೆಳಗಿಂದ ತರಿಸಿದ ಆ ನೋವಿನ ಮಾತ್ರೆ ತಗೊಂಬಿಡ್ರಿ. ನೋವು ಹತ್ತಿದ ಮೇಲೆ ತಗೊಂಡ್ರೆ ಒದ್ದಾಡ್ತೀರಿ" ಎಂದು ಹೇಳಿಹೋದರು.

ನೋವೇ ಇಲ್ಲದವಳಿಗೆ ಮಾತ್ರೆಯೇಕೆ? ಒಡೆಯದ ಮಾತ್ರೆ ಪಟ್ಟಿಯನ್ನು ಕೆಳಗಿನ ಮೆಡಿಕಲ್ ಶಾಪಿಗೆ ವಾಪಸು ಕೊಟ್ಟು ಬರಲು ನಮ್ಮವರನ್ನು ಅಟ್ಟಿದೆ. ಅವರು ಸೊಪ್ಪಿನವಳು ಹೇಳಿದ ಬೆಲೆ ಕೊಟ್ಟು ಥ್ಯಾಂಕ್ಸ್ ಬೇರೆ ಹೇಳಿ ಬರುವ ಮನುಷ್ಯ. ಅದಕ್ಕೇ, ಆಗಲ್ಲ ಎಂದರೆ ಕದಲಬೇಡಿ, ಅಲ್ಲೇ ನಿಂತಿರಿ ಎಂದು ಪಾಠ ಹೇಳಿ ಕಳಿಸಿದೆ.

ಅವರು ಮೆಟ್ಟಿಲಿಳಿದಂತೆ ಇಂಜೆಕ್ಷನ್ನೂ ಇಳಿಯತೊಡಗಿತು. ಮೊದಲು ಇರುವೆ ಕಚ್ಚಿದಂತೆ, ಆಮೇಲೆ ಕಾದ ಸೌಟು ಒತ್ತಿದಂತೆ. ಎಂಜಲು ನುಂಗಿದರೆ ಕಣ್ಣಲ್ಲಿ ನೀರು. ಫೋನ್ ಮಾಡಿದರೆ ಅವರ ಮೊಬೈಲು ನನ್ನ ದಿಂಬಿನ ಪಕ್ಕದಲ್ಲೇ ಬಡಿದುಕೊಂಡಿತು. ಪಕ್ಕದ ಮಂಚದವಳು, ಅವಳದೂ ಇದೇ ಆಪರೇಷನ್, ಹೊತ್ತಿಗೆ ಮಾತ್ರೆ ನುಂಗಿ ಗೊರಕೆ ಹೊಡೆಯುತ್ತಿದ್ದಳು. ಆ ಇಂಜೆಕ್ಷನ್ ಡಾಕ್ಟರು ಎಲ್ಲರಿಗೂ ಕೊಡುತ್ತಾರಂತೆ. ಅವಳ ತಾಯಿ ಹೇಳಿದರು.

ಕೊನೆಗೆ ನಮ್ಮವರು ಬಂದರು, ಮುಖವೆಲ್ಲ ಬೆಳಕು. "ತಗಳ್ಳಲ್ಲ ಅಂದ ಕಣೆ. ನೀ ಹೇಳ್ದಂಗೆ ನಿಂತೆ. ಹಿಂದಿದ್ದೋರು ಬೈದ್ರೂ ಕದಲಲಿಲ್ಲ" ಎಂದು ಪೂರ್ತಿ ದುಡ್ಡನ್ನು ನನ್ನ ಅಂಗೈಯಲ್ಲಿಟ್ಟರು. ಮದುವೆಯಾದಾಗಿನಿಂದ ಅವರು ಗೆದ್ದ ಮೊದಲ ಚೌಕಾಸಿ. ಬೈಯಲು ದನಿಯಿಲ್ಲ, ಅಳೋಣವೆಂದರೆ ಹೊಲಿಗೆ ಎಳೆಯುತ್ತದೆ. ಬಾಗಿಲ ಕಡೆ ಬೆರಳು ತೋರಿಸಿದೆ.

ಆದ್ದರಿಂದ ಕೇಳಿ: ಇಂಥ ಆಪರೇಷನ್ನಿಗೆ ಹೋಗುವ ಮುಂಚೆ ಮರಗಟ್ಟಿಸುವ ಇಂಜೆಕ್ಷನ್ ಉಂಟೇ, ಎಷ್ಟು ಹೊತ್ತು ಇರುತ್ತದೆ ಎಂದು ಡಾಕ್ಟರನ್ನೇ ಕೇಳಿಕೊಳ್ಳಿ. ಸಿಸ್ಟರ್ ಹೇಳಿದ ಹೊತ್ತಿಗೆ ಮಾತ್ರೆ ನುಂಗಿ, ನೋವು ಬರಲೆಂದು ಕಾಯಬೇಡಿ. ಗಂಡನಿಗೆ ಚೌಕಾಸಿ ಕಲಿಸುವುದಿದ್ದರೆ ಕುತ್ತಿಗೆ ವಾಸಿಯಾದ ಮೇಲೆ ಕಲಿಸಿ. ಅದೇ ಮಾತ್ರೆಯನ್ನು ಮತ್ತೆ ತರಲು ಹೋದ ನಮ್ಮವರು, ಡಿಸ್ಕೌಂಟ್ ಕೊಡುವ ತನಕ ಕದಲುವುದಿಲ್ಲವೆಂದು ಇನ್ನೂ ಅರ್ಧ ಗಂಟೆ ಅಲ್ಲೇ ನಿಂತಿದ್ದರು.