ಪಾರ್ಸಲ್ ಗುಲಾಬಿಯೂ ಅವರೆ ಚಪ್ಪರವೂ

ನಾನು ಯಾವ ಕೆಲಸವನ್ನೂ ಅಂದಾಜಿಗೆ ಮಾಡುವವಳಲ್ಲ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವಳು. ನಮ್ಮ ಹಿತ್ತಲಿನ ಕರಿಬೇವಿಗೂ ಒಂದು ನಂಬರಿದೆ. ಅದು ಚಿಗುರಿದ ದಿನ, ಅದಕ್ಕೆ ಹುಳ ಬಿದ್ದ ದಿನ ಎರಡನ್ನೂ ಬರೆದಿಟ್ಟಿದ್ದೇನೆ. ಇಷ್ಟು ಅಚ್ಚುಕಟ್ಟಾಗಿ ಬದುಕುವವರ ಮನೆಯಲ್ಲೇ ಅಕ್ಕಪಕ್ಕದವರು ನಗುವಂಥ ಪ್ರಸಂಗಗಳು ಯಾಕೆ ನಡೆಯುತ್ತವೋ ಕಾಣೆ. ಗುಲಾಬಿ ತರಿಸಿದ ವರ್ಷವಂತೂ ಒಂದರ ಹಿಂದೊಂದು ನಡೆದವು.

ಹೂವಿನ ಆಯ್ಕೆ

ಮುಳಬಾಗಿಲಿನ ನಮ್ಮ ಮನೆಯಲ್ಲಿ ದಿನವಿಡೀ ಬಿಸಿಲು ಬೀಳುವ ಜಾಗ ಒಂದೇ, ಗೇಟಿನ ಪಕ್ಕದ ಪಾತಿ. ಅದರ ಮೇಲೆ ನನಗೂ ಕಣ್ಣು, ನಮ್ಮನೆಯವರಿಗೂ ಕಣ್ಣು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದಿರುವ ದೊಡ್ಡ ಆಸೆಯೆಂದರೆ ಅಲ್ಲೊಂದು ಅವರೆ ಚಪ್ಪರ ಹಾಕುವುದು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವರು ನೆನೆಸಿದ ಅವರೆಕಾಳು ಹಿತಕುತ್ತಾ ಕೂತಿದ್ದರು. ನಾನೂ ಸೊಸೆಯೂ ಫೋನಿನಲ್ಲಿ ಗುಲಾಬಿ ಆರಿಸುತ್ತಿದ್ದೆವು. ಒಂದಕ್ಕಿಂತ ಒಂದು ಚೆಂದ. ಹೆಸರುಗಳೆಲ್ಲ ಯಾವುದೋ ದೇಶದ ರಾಣಿಯರದ್ದು.

"ನೀಲಿ ಗುಲಾಬಿ ಇದೆ ನೋಡಿ ಅತ್ತೆ" ಎಂದಳು ಸೊಸೆ.

"ಅದನ್ನ ದಾಟಿಸು. ನೀಲಿ ಗುಲಾಬಿ ಗಿಡದಲ್ಲಿ ಬಿಡಲ್ಲ, ಫೋನಲ್ಲಿ ಮಾತ್ರ ಬಿಡುತ್ತೆ" ಎಂದೆ. ಓದಿದ್ದು ಇಂಥ ಕಡೆ ಉಪಯೋಗಕ್ಕೆ ಬರುತ್ತದೆ.

ಕೊನೆಗೆ ಐದು ಗಿಡ ಆರಿಸಿದೆವು. ನನ್ನ ಮನಸ್ಸು ನಿಂತದ್ದು ಒಂದರ ಮೇಲೆ. ಕೆನೆಬಣ್ಣದ ದೊಡ್ಡ ಹೂವು, ಎಸಳಿನ ಅಂಚಿಗೆಲ್ಲ ಕುಂಕುಮ ಸವರಿದ ಹಾಗೆ.

"ಕೊಂಡವರು ಏನು ಬರೆದಿದಾರೆ, ಅದನ್ನೂ ಓದಮ್ಮ" ಎಂದರು ನಮ್ಮನೆಯವರು.

ಸೊಸೆ ಓದಿದಳು: "ಡಬ್ಬ ತುಂಬ ಗಟ್ಟಿಯಾಗಿದೆ. ಗಿಡ ಒಣಗಿತು. ಡಬ್ಬದಲ್ಲಿ ಈಗ ಈರುಳ್ಳಿ ಇಟ್ಟಿದ್ದೇವೆ."

ಅವರು ಕಾಳು ಹಿತಕುವುದನ್ನು ನಿಲ್ಲಿಸಿ ನಕ್ಕರು. ಆಮೇಲೆ ಒಂದು ಕರಾರು ಹಾಕಿದರು. "ಆಷಾಢದ ಕೊನೇ ಶುಕ್ರವಾರದೊಳಗೆ ಈ ಚಿತ್ರದಲ್ಲಿರೋ ಹಾಗೇ ಒಂದು ಹೂವು ತೋರಿಸು, ಪಾತಿ ನಿಂದು. ಇಲ್ಲಾಂದ್ರೆ ಅವತ್ತೇ ಅವರೆ ಬೀಜ ಹಾಕ್ತೀನಿ."

"ಆಗಲಿ ರೀ."

"ತರಿಸಮ್ಮ, ತರಿಸು" ಎಂದರು ಸೊಸೆಗೆ. "ಈರುಳ್ಳಿಗೆ ಡಬ್ಬನಾದ್ರೂ ಆಗುತ್ತೆ."

ಸಮಿತ್ತು

ಪಾರ್ಸಲ್ ಬಂದ ದಿನ ನಾವು ಯಲ್ದೂರಿನಲ್ಲಿದ್ದೆವು. ಅಲ್ಲಿ ನನ್ನ ತಮ್ಮನ ಮಾವಿನ ತೋಟವಿದೆ. ಕೊರಿಯರ್‌ನವನು ಫೋನು ಮಾಡಿದಾಗ ಪಕ್ಕದ ಮನೆಯ ಶಾಸ್ತ್ರಿಗಳ ಹತ್ತಿರ ಕೊಡಲು ಹೇಳಿದೆ. ಪೌರೋಹಿತ್ಯ ಮಾಡುವವರು, ನಂಬಿಕಸ್ಥರು.

ಮಾರನೆಯ ದಿನ ಬಂದು ನೋಡುತ್ತೇನೆ, ಅವರ ಮಹಡಿಯ ಮೇಲೆ ಚಾಪೆ ಹಾಸಿ ನನ್ನ ಗುಲಾಬಿಗಳನ್ನು ಸಾಲಾಗಿ ಬಿಸಿಲಿಗೆ ಒಣಗಲು ಇಟ್ಟಿದ್ದಾರೆ!

"ಶಾಸ್ತ್ರಿಗಳೇ, ಇದೇನು ಮಾಡಿದ್ರಿ?"

"ಡಬ್ಬದಿಂದ ನೀರು ಸೋರ್ತಿತ್ತಮ್ಮ. ಬಿಚ್ಚಿದೆ. ನೋಡಿದ್ರೆ ಕಡ್ಡಿಗಳು. ಯಾರೋ ಯಜಮಾನರು ಹೋಮಕ್ಕೆ ಸಮಿತ್ತು ಕಳಿಸಿದಾರೆ, ದಾರೀಲಿ ನೆಂದಿದೆ ಅಂತ ಒಣಗಿಸಿದೆ."

"ಡಬ್ಬದ ಮೇಲೆ ನನ್ನ ಹೆಸರು ಇತ್ತಲ್ಲ!"

"ನೀರಲ್ಲಿ ಅಳಿಸಿ ಹೋಗಿತ್ತಮ್ಮ. ನನಗೇ ಬಂದಿದ್ದು ಅಂದ್ಕೊಂಡೆ."

"ಸಮಿತ್ತಿಗೆ ಮುಳ್ಳಿರುತ್ತಾ?"

"ಬನ್ನಿಗೆ ಇರುತ್ತಲ್ಲ! ಶನಿಶಾಂತಿಗೆ ಬನ್ನಿಯೇ ಆಗಬೇಕು."

ಎಣಿಸಿದೆ. ನಾಲ್ಕೇ ಇದ್ದವು. ಶಾಸ್ತ್ರಿಗಳ ಮುಖ ನೋಡಿದೆ. ಅವರು ಆಕಾಶ ನೋಡಿದರು. "ಬೆಳಿಗ್ಗೆ ಒಂದು ಹೋಮ ಇತ್ತಮ್ಮ. ಒಂದು ಕಡ್ಡಿ ಕಮ್ಮಿ ಬಿತ್ತು..."

ನಾಲ್ಕನ್ನೂ ಎತ್ತಿಕೊಂಡು ಬಂದು ಬಕೆಟ್ ನೀರಿನಲ್ಲಿಟ್ಟು, ಸಂಜೆ ನೆಟ್ಟೆ. ಒಂದೇ ಭಯ, ಉರಿದು ಹೋದದ್ದು ನನ್ನ ಕುಂಕುಮದ ಅಂಚಿನ ಗಿಡವೇ ಇರಬಹುದೇ? ಒಂದೊಂದರ ಕೊರಳಿಗೂ ಕಟ್ಟಿದ್ದ ಚೀಟಿ ಓದಿದೆ. ಅದು ಬದುಕಿತ್ತು.

ನನ್ನ ಪುಸ್ತಕದಲ್ಲಿ ಗಿಡ ಹೋದರೆ ಕಾರಣ ಬರೆಯುವ ಒಂದು ಸಾಲಿದೆ. ಗೆದ್ದಲು, ಬೇರುಕೊಳೆ, ಹೆಚ್ಚು ನೀರು, ಎಲ್ಲ ಬರೆದದ್ದುಂಟು. ಆ ಐದನೆಯ ಗಿಡದ ಮುಂದೆ ಮೊದಲ ಸಲ ಬರೆದೆ: ಶನಿಶಾಂತಿ.

ಮೊಟ್ಟೆ

ಬೇಸಿಗೆಯಲ್ಲಿ ಒಂದು ಗಿಡ ಬಿಸಿಲಿಗೆ ಹೋಯಿತು, ಒಂದರ ಬೇರನ್ನು ಹೆಗ್ಗಣ ತೋಡಿ ಹಾಕಿತು. ಉಳಿದವಕ್ಕೆ ಬಲ ಬರಬೇಕಲ್ಲ. ಗುಲಾಬಿಗೆ ಸುಣ್ಣದ ಅಂಶ ಬೇಕು, ಅದಕ್ಕೆ ಮೊಟ್ಟೆಯ ಸಿಪ್ಪೆ ಒಳ್ಳೆಯದು. ಆದರೆ ನಮ್ಮ ಮನೆಗೆ ಇದುವರೆಗೆ ಮೊಟ್ಟೆಯ ಗಾಳಿಯೂ ತಾಗಿಲ್ಲ.

ಸಸ್ಯಶಾಸ್ತ್ರದ ಮುಂದೆ ಸಂಕೋಚವೇಕೆಂದು ಬಸ್‌ಸ್ಟ್ಯಾಂಡಿನ ಆಮ್ಲೆಟ್ ಗಾಡಿಯವನ ಹತ್ತಿರ ಹೋಗಿ, ಸಿಪ್ಪೆ ಎತ್ತಿಡಪ್ಪಾ ಎಂದು ಹೇಳಿ ಬಂದೆ. ಅವನು ಒಳ್ಳೆಯವನು, ದಿನಾ ತೊಳೆದು ಕವರಿನಲ್ಲಿ ಹಾಕಿಡುತ್ತಿದ್ದ. ನಾನು ಅದನ್ನು ಕೊತ್ತಂಬರಿ ಸೊಪ್ಪಿನ ಕೆಳಗಿಟ್ಟುಕೊಂಡು ಬರುತ್ತಿದ್ದೆ.

ಒಂದು ಸಂಜೆ ತರಕಾರಿ ಕೊಂಡು ಬರುವಾಗ ಶಾಸ್ತ್ರಿಗಳು ಜೊತೆಗೆ ಸಿಕ್ಕರು. ಗಾಡಿಯ ಕಡೆ ನೋಡದೆ ಬೇಗ ಬೇಗ ಹೆಜ್ಜೆ ಹಾಕಿದೆ. ಅವನು ಬಿಡಬೇಕಲ್ಲ. ಸ್ಟ್ಯಾಂಡಿಗೆಲ್ಲ ಕೇಳುವಂತೆ ತೆಲುಗಿನಲ್ಲಿ ಕೂಗಿದ: "ಅಮ್ಮಾ! ಮೀ ಗುಡ್ಲು ಪಕ್ಕನ ಪೆಟ್ಟಿನಾನು!" ನಿಮ್ಮ ಮೊಟ್ಟೆ ಎತ್ತಿಟ್ಟಿದ್ದೇನೆ ಅಂತ. ಸಿಪ್ಪೆಯ ಮಾತೇ ಇಲ್ಲ.

ಶಾಸ್ತ್ರಿಗಳು ನಿಂತುಬಿಟ್ಟರು. ನಾನು ಗಾಡಿಯವರೆಗೂ ಹೋಗಿ, ಕವರು ತಂದು, ಬಿಚ್ಚಿ ತೋರಿಸಿ, ಬರೀ ಸಿಪ್ಪೆ, ಬರೀ ಗುಲಾಬಿಗೆ, ಎಂದು ಪಾಠ ಮಾಡಿದೆ. ಅವರು ಮನೆಯ ತಿರುವಿನ ತನಕ ನೆಲ ನೋಡಿಕೊಂಡೇ ನಡೆದರು. ಇಡೀ ಬೀದಿಗೆ ನನ್ನ ಕಥೆ ಹಬ್ಬಿತು ಎಂದುಕೊಂಡೆ. ಗೇಟಿನ ಹತ್ತಿರ ನಿಂತು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು:

"ಅಮ್ಮ, ನಮ್ಮ ದಾಸವಾಳಕ್ಕೂ ಒಂದು ಹಿಡಿ ಸಿಗಬಹುದಾ? ಪೂಜೆಗೆ ಹೂವು ಸಾಲ್ತಿಲ್ಲ."

ಕೊನೇ ಶುಕ್ರವಾರ

ಆಷಾಢ ಬಂತು. ಒಂದು ಗಿಡ ಬರೀ ಎಲೆ ಬಿಟ್ಟುಕೊಂಡು ಹಾಯಾಗಿತ್ತು. ಕುಂಕುಮದ ಅಂಚಿನ ಗಿಡದಲ್ಲಿ ಮಾತ್ರ ಒಂದೇ ಒಂದು ಮೊಗ್ಗು. ನನ್ನ ಪಾತಿಯ ಹಣೆಬರಹವೆಲ್ಲ ಅದರಲ್ಲಿತ್ತು.

ನಮ್ಮನೆಯವರು ದಿನಾ ಅದನ್ನು ನೋಡಿ, "ಇನ್ನೂ ಕಣ್ಣು ಬಿಟ್ಟಿಲ್ಲ ಪಾಪ" ಎಂದು ಹೇಳಿ ಒಳಗೆ ಹೋಗುತ್ತಿದ್ದರು. ನನಗೆ ಅವರ ಭಯವಿರಲಿಲ್ಲ. ಭಯ ಇದ್ದದ್ದು ಬೆಳಗಿನ ವಾಕಿಂಗ್‌ನವರದ್ದು. ನಮ್ಮ ಬೀದಿಯಲ್ಲಿ ದೇವರ ಹೂವನ್ನು ಕೇಳಿ ಕೀಳುವ ಪದ್ಧತಿಯಿಲ್ಲ. ಒಂದು ಕೈಯಲ್ಲಿ ಕವರು, ಇನ್ನೊಂದರಲ್ಲಿ ಕೊಕ್ಕೆ ಕೋಲು, ಕಾಂಪೌಂಡಿನಾಚೆಯಿಂದಲೇ ಎಳೆದುಕೊಳ್ಳುತ್ತಾರೆ.

ಅಷ್ಟರಲ್ಲಿ ಯಲ್ದೂರಿನಿಂದ ನನ್ನ ತಮ್ಮ ಮಾವಿನಹಣ್ಣು ಹೊತ್ತುಕೊಂಡು ಬಂದ. ಕಷ್ಟ ಹೇಳಿಕೊಂಡೆ.

"ಅಷ್ಟೇನಾ ಅಕ್ಕಾ? ನಾವು ಮಾವಿನಕಾಯಿಗೆ ಕಟ್ಟೋ ಕಾಗದದ ಕವರು ಮಿಕ್ಕಿದೆ, ಚೀಲದಲ್ಲೇ ಇದೆ. ಕಟ್ಟಿಬಿಡು. ನೊಣಾನೇ ಮುಟ್ಟಲ್ಲ, ಮನುಷ್ಯರು ಮುಟ್ಟುತಾರಾ?"

ಮೊಗ್ಗಿಗೆ ಸಡಿಲವಾಗಿ ಕವರು ಹಾಕಿ ದಾರ ಕಟ್ಟಿದೆ. ಗುರುವಾರ ಸಂಜೆ ಮೆಲ್ಲಗೆ ಇಣುಕಿ ನೋಡಿದೆ. ಅರಳುತ್ತಿತ್ತು. ಬಾಯಿ ಬಿಡದೆ ಮತ್ತೆ ಕಟ್ಟಿದೆ.

ಶುಕ್ರವಾರ ಬೆಳಿಗ್ಗೆ ನಮ್ಮನೆಯವರು ನೆನೆಸಿದ ಅವರೆ ಬೀಜದ ಬಟ್ಟಲು, ಗುದ್ದಲಿ ಎರಡನ್ನೂ ಹಿಡಿದು ಬಂದು ನಿಂತರು. ಸೊಸೆ ಫೋನಿನಲ್ಲಿ ಅಂದು ಆರಿಸಿದ ಗುಲಾಬಿಯ ಚಿತ್ರ ತೆರೆದಿಟ್ಟುಕೊಂಡಳು. ನಾನು ತಲೆಬಾಚಿ, ಒಳ್ಳೆಯ ಸೀರೆ ಉಟ್ಟು ಬಂದು ದಾರ ಬಿಚ್ಚಿದೆ.

ಕವರಿನೊಳಗೆ ಬರೀ ತೊಟ್ಟು.

"ಆಹಾ!" ಎಂದರು ನಮ್ಮನೆಯವರು. "ಎಂಥ ಗಮಗಮ ಗಾಳಿ ಅರಳಿದೆ ಕಣೇ!" ಗುದ್ದಲಿ ಎತ್ತಿದರು.

"ಅತ್ತೆ, ದಾರ ನೀವು ಕಟ್ಟಿದ ಹಾಗೇ ಇತ್ತಲ್ಲ?" ಎಂದಳು ಸೊಸೆ. ನಾನು ಕವರನ್ನು ತಲೆಕೆಳಗು ಮಾಡಿ ಕೊಡವಿದೆ.

ಆಗ ಪಕ್ಕದ ಮನೆಯಿಂದ ಶಾಸ್ತ್ರಿಗಳು ಮಡಿಯಲ್ಲೇ ಬಂದರು, ಕೈಯಲ್ಲಿ ತಟ್ಟೆ. "ರಾಯರೇ, ಲಕ್ಷ್ಮೀಪೂಜೆ ಪ್ರಸಾದ." ಗುದ್ದಲಿ ಕೆಳಗಿಟ್ಟು ನಮ್ಮನೆಯವರು ಎರಡು ಕೈ ಒಡ್ಡಿದರು. ಕೈಗೆ ಬಿದ್ದದ್ದು ಒಂದು ಹೋಳು ತೆಂಗಿನಕಾಯಿ, ಅದರ ಮೇಲೆ ಕೆನೆಬಣ್ಣದ ದೊಡ್ಡ ಗುಲಾಬಿ, ಎಸಳಿನ ಅಂಚಿಗೆಲ್ಲ ಕುಂಕುಮ ಸವರಿದ ಹಾಗೆ.

ಸೊಸೆ ಫೋನನ್ನು ಅವರ ಮೂಗಿನ ಹತ್ತಿರ ಹಿಡಿದಳು. "ನೋಡಿ ಹೇಳಿ ಮಾವ, ಚಿತ್ರದ ಹಾಗೇ ಇದೆಯಾ ಇಲ್ವಾ?"

ಪ್ರಸಾದ ಹಿಡಿದ ಕೈಯಲ್ಲಿ ಸುಳ್ಳು ಹೇಳುವವರಲ್ಲ ಅವರು. ಚಿತ್ರ ನೋಡಿದರು, ಹೂವು ನೋಡಿದರು, ಬೀಜದ ಬಟ್ಟಲು ನೋಡಿ ನಿಟ್ಟುಸಿರು ಬಿಟ್ಟರು. "ಹಾಗೇ ಇದೆ. ಪಾತಿ ಇವಳದ್ದೇ." ಹೂವನ್ನು ಕಣ್ಣಿಗೊತ್ತಿಕೊಂಡು ನನಗೆ ಕೊಟ್ಟರು. ಮುಡಿದುಕೊಂಡೆ.

ಆಮೇಲೆ ಶಾಸ್ತ್ರಿಗಳ ಕಡೆ ತಿರುಗಿದೆ. "ಶಾಸ್ತ್ರಿಗಳೇ, ಕವರು ಕಟ್ಟಿದ್ದು ಕಾಣಲಿಲ್ವಾ?"

"ಕಂಡಿದ್ದಕ್ಕೇ ಕಿತ್ತೆನಮ್ಮ! ಯಾರೂ ಮೂಸಿ ನೋಡದ ಹಾಗೆ ದೇವರಿಗೇ ಅಂತ ಮೀಸಲು ಕಟ್ಟಿದೀರ, ಎಂಥ ಭಕ್ತಿ ಅಂದ್ಕೊಂಡೆ."

"ಸರಿ. ಖಾಲಿ ಕವರನ್ನ ಮತ್ತೆ ಯಾಕೆ ಕಟ್ಟಿಟ್ಟಿರಿ?"

ಶಾಸ್ತ್ರಿಗಳಿಗೆ ನಿಜಕ್ಕೂ ಬೇಜಾರಾಯಿತು.

"ಏನಮ್ಮ ಹೀಗಂತೀರಿ? ಹೂವು ದೇವರದ್ದು. ಕವರು ನಿಮ್ಮದು. ಅದನ್ನೂ ತಗೊಂಡು ಹೋಗೋದಕ್ಕೆ ನಾನೇನು ಕಳ್ಳನಾ?"