ಒಕ್ಕೂಟದ ನಿಯಮ ಮತ್ತು ನನ್ನ ಬಚ್ಚಲುಮನೆ

ಪಾಠ ಹೇಳುವವರಿಗೆ ಒಂದು ಅನುಕೂಲವಿದೆ. ಹೇಳಿದ್ದನ್ನು ತಾವೇ ಅನುಭವಿಸಬೇಕಾದ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ. ಸಾಗರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಂಡು ನಾನೂ ಇಷ್ಟು ವರ್ಷ ಸುರಕ್ಷಿತವಾಗಿದ್ದೆ. ನಮ್ಮ ನೆರೆಯ ದೇಶಗಳ ಒಕ್ಕೂಟದ ಪಾಠವನ್ನಂತೂ ನಿದ್ದೆಯಲ್ಲೂ ಒಪ್ಪಿಸಬಲ್ಲೆ. ಮೊದಲು ಏಳು ದೇಶ, ಆಮೇಲೆ ಅಫ್ಘಾನಿಸ್ತಾನ ಸೇರಿ ಎಂಟು. ತಮ್ಮತಮ್ಮೊಳಗೆ ವ್ಯಾಪಾರ ಬೆಳೆಸಿ ಜನರ ಬದುಕು ಹಸನು ಮಾಡುವುದು ಉದ್ದೇಶ. ಯಾವ ತೀರ್ಮಾನಕ್ಕೂ ಎಲ್ಲರ ಒಪ್ಪಿಗೆ ಬೇಕು. ಇಬ್ಬರ ನಡುವಿನ ಜಗಳವನ್ನು ಸಭೆಗೆ ತರುವಂತಿಲ್ಲ. "ಹಂಗಾದ್ರೆ ಸೇರ್ಕಂಡು ಎಂತ ಮಾಡ್ತಾರೆ ಸರ್?" ಎಂದು ಹಿಂದಿನ ಬೆಂಚಿನಿಂದ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಪ್ರತಿ ವರ್ಷ ನಾನು ಗಡಿಯಾರ ನೋಡುತ್ತೇನೆ.

ನಮ್ಮ ಓಣಿಯಲ್ಲಿ ಮೂರು ಮನೆ. ನಮ್ಮದು, ಹೊಸನಗರದಿಂದ ಬಂದು ಪೀಠೋಪಕರಣದ ಅಂಗಡಿ ಇಟ್ಟ ಮಂಜಪ್ಪನವರದು, ತೀರ್ಥಹಳ್ಳಿಯಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದ ನಾಗರತ್ನಮ್ಮನವರದು. ಅಕ್ಕಿ, ಎಣ್ಣೆ ಒಟ್ಟಿಗೆ ತರಿಸೋಣ ಎಂದು ಒಂದು ಸಂಘ ಮಾಡಿಕೊಂಡೆವು. ನಿಯಮಾವಳಿ ಬರೆಯುವ ಕೆಲಸ ನನಗೆ ಬಂತು. ಕೈಯಲ್ಲಿ ಪಾಠದ ಟಿಪ್ಪಣಿ ಇತ್ತು. ಒಕ್ಕೂಟದ ನಿಯಮಗಳನ್ನೇ ಇಳಿಸಿಬಿಟ್ಟೆ.

ನಮ್ಮ ಜಾಗಕ್ಕೂ ಮಂಜಪ್ಪನವರ ಜಾಗಕ್ಕೂ ನಡುವಿನ ಗಡಿಯಲ್ಲೇ ಒಂದು ಒಣಗಿದ ಹಲಸಿನ ಮರ ನನ್ನ ಬಚ್ಚಲುಮನೆಯ ಮೇಲೆ ವಾಲಿ ನಿಂತಿತ್ತು. ಕಡಿಸುವ ಅರ್ಜಿಗೆ ಎರಡೂ ಮನೆಯವರ ಸಹಿ ಬೇಕು. ದಿಮ್ಮಿ ಯಾರಿಗೆ ಎಂಬುದು ತೀರ್ಮಾನವಾಗದೆ ಇಬ್ಬರೂ ಸಹಿ ಹಾಕಲಿಲ್ಲ. ಸಭೆಯಲ್ಲಿ ವಿಷಯ ಎತ್ತಿದೆ. ನಾಗರತ್ನಮ್ಮ ಕನ್ನಡಕ ಕೆಳಗಿಳಿಸಿ, "ಇದು ಇಬ್ಬರ ಜಗಳ ಮೇಷ್ಟ್ರೆ. ನೀವೇ ಬರ್ದ ರೂಲು" ಎಂದರು. "ನಾನಂತೂ ರೂಲು ಮೀರೋನಲ್ಲಪ್ಪ" ಎಂದರು ಮಂಜಪ್ಪ, ಬಹಳ ವಿನಯದಿಂದ.

"ಅರ್ಧ ಮರ ಅವರಿಗೆ ಕೊಟ್ರೆ ನಿಮ್ಮದು ಎಂತ ಹೋಗ್ತದೆ?" ಎಂದು ಹೆಂಡತಿ ಕೇಳಿದಳು.

"ತತ್ವ ಹೋಗ್ತದೆ" ಎಂದೆ. ಮತ್ತೆ ದಿನಾ ಬೆಳಿಗ್ಗೆ ಆ ಮರದಡಿಯೇ ಸ್ನಾನಕ್ಕೆ ಕೂರುತ್ತಿದ್ದೆ, ಒಂದು ಕಿವಿ ಮೇಲಿಟ್ಟುಕೊಂಡು.

ಹೋದ ತಿಂಗಳ ಒಂದು ಭಾನುವಾರ ನಮ್ಮ ಜಗುಲಿಯಲ್ಲಿ ಸಭೆ. ಹಿಂದಿನ ಓಣಿಯ ನಿವೃತ್ತ ಬ್ಯಾಂಕಿನವರೊಬ್ಬರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುವ ವಿಷಯ ಬರುವುದಿತ್ತು. ಅಲ್ಲಿಯವರೆಗೆ ಅವರು ವೀಕ್ಷಕರು. ಬರುತ್ತಿದ್ದರು, ಮಾತಾಡುತ್ತಿರಲಿಲ್ಲ, ಅಂಬೊಡೆ ತಿಂದು ಹೋಗುತ್ತಿದ್ದರು. ಅವರು ಮಂಜಪ್ಪನವರ ಸ್ನೇಹಿತರು, ಹಾಗಾಗಿ ನನಗೆ ಬೇಡ. ಎಲ್ಲರೂ ಬಂದು ಕೂತಾಗ ನಾನಿನ್ನೂ ಸ್ನಾನದಲ್ಲಿ, ಮುಖಕ್ಕೆ ಸೋಪು ಹಚ್ಚಿದ್ದೆ. ಜಗುಲಿಯಿಂದ ಮಂಜಪ್ಪನವರ ದನಿ ಕೇಳಿಸಿತು: "ಮೇಷ್ಟ್ರದ್ದೂ ಒಪ್ಪಿಗೆ ಅಂತ ಬರ್ಕಳಿ ಮೇಡಂ." ಟವೆಲು ಸುತ್ತಿಕೊಂಡು ಕಣ್ಣುಮುಚ್ಚಿಯೇ ಓಡಿದೆ. "ನಂದು ಒಪ್ಪಿಗೆ ಇಲ್ಲ!"

ಬೆನ್ನ ಹಿಂದೆ ಮೊದಲು ಮರದ ನರಳಿಕೆ. ಆಮೇಲೆ ಹೆಂಚು. ಆಮೇಲೆ ಹಂಡೆ. ನಾನು ಕೂತಿದ್ದ ಮಣೆ ಎರಡು ಹೋಳಾಗಿತ್ತು. ಅಲ್ಲಿಂದ ಜಗುಲಿಗೆ ಹನ್ನೊಂದು ಹೆಜ್ಜೆ. ಈಗಲೂ ದಿನಕ್ಕೊಮ್ಮೆ ನಡೆದು ಎಣಿಸುತ್ತೇನೆ.

ಮಂಜಪ್ಪ ತಮ್ಮ ಶಾಲು ತೆಗೆದು ನನಗೆ ಹೊದೆಸಿದರು. "ಒಂದು ಸಹಿ, ಹಾಕಬೋದಿತ್ತು ನಾನು" ಎಂದರು. ನಾಗರತ್ನಮ್ಮ ಪೆನ್ನು ಎತ್ತಿ, "ಒಪ್ಪಿಗೆ ಇಲ್ಲ ಅಂತ್ಲೇ ಬರೀಲಾ?" ಎಂದು ಮೆಲ್ಲಗೆ ಕೇಳಿದರು.

ಮರ ಇನ್ನೂ ಅಡ್ಡ ಬಿದ್ದಿದೆ. "ಇಡೀ ಮರ ನಿಮಗೇ ಇರ್ಲಿ" ಎಂದು ಮಂಜಪ್ಪ, "ಛೆ, ನೀವೇ ಇಟ್ಕಳಿ" ಎಂದು ನಾನು. ಇದೂ ಇಬ್ಬರ ಜಗಳವಾದ್ದರಿಂದ ಸಭೆಗೆ ತರುವಂತಿಲ್ಲ. ಸದ್ಯ ನನ್ನ ಸ್ನಾನ ಮಂಜಪ್ಪನವರ ಮನೆಯಲ್ಲಿ. ಒಲೆಗೆ ಬೆಂಕಿ ಹಾಕುವುದೂ ಅವರೇ. ಸೋಪು ಹಚ್ಚಿ ಕಣ್ಣು ಮುಚ್ಚಲು ನನಗಿನ್ನೂ ಧೈರ್ಯ ಬಂದಿಲ್ಲವೆಂದು ಅವರಿಗೆ ಗೊತ್ತು. ಬಾಗಿಲಾಚೆಯಿಂದ, "ತೊಳ್ಕಳಿ ಮೇಷ್ಟ್ರೆ, ನಾ ಇಲ್ಲೇ ನಿಂತಿದೀನಿ" ಎನ್ನುತ್ತಾರೆ. ಇಂಥವರ ಜೊತೆ ಜಗಳ ಮುಂದುವರಿಸುವುದು ಎಷ್ಟು ಕಷ್ಟವೆಂದು ನಿಯಮ ಬರೆದ ದಿನ ನನಗೆ ಹೊಳೆದಿರಲಿಲ್ಲ.