ಸಾಬೂನಿನ ಪಾಳಿ

ಸಾಬೂನು ಕೊಡುವ ಮೊದಲು ನಮ್ಮ ಕಾಕು ನಡೆಸುತ್ತಿದ್ದ ವಿಚಾರಣೆಯನ್ನು ಪೊಲೀಸರೇನಾದರೂ ನೋಡಿದ್ದರೆ, ಲಾಠಿ ಬಿಸಾಕಿ ಅವಳ ಹತ್ತಿರ ಟ್ರೇನಿಂಗಿಗೆ ಬರುತ್ತಿದ್ದರು! ನಂಬುವುದಿಲ್ಲವೇ? ತೊಂಬತ್ತರ ದಶಕದ ಕೊನೆಗೆ, ಪುಣೆಯ ಸದಾಶಿವ ಪೇಠದ ಹತ್ತಾರು ಸಂಸಾರಗಳಿದ್ದ ಹಳೇ ವಾಡೆಯೊಂದರಲ್ಲಿ, ದಿನಾ ಬೆಳಿಗ್ಗೆ ಆ ವಿಚಾರಣೆಗೆ ಹಾಜರಾಗುತ್ತಿದ್ದ ಆರೋಪಿ ನಾನೇ.

ಧಾರವಾಡದಿಂದ ನೌಕರಿಗೆಂದು ಬಂದವನು ಚಿಕ್ಕಪ್ಪ-ಚಿಕ್ಕಮ್ಮ, ಅಂದರೆ ಕಾಕಾ-ಕಾಕುವಿನ ಮನೆಯಲ್ಲೇ ಉಳಿದುಕೊಂಡಿದ್ದೆ. ಕಾಕಾ, ಅವರ ಇಬ್ಬರು ಮಕ್ಕಳು, ನಾನು, ಹೀಗೆ ನಾಲ್ಕು ಜನ ಗಂಡಸರು. ಸಾಬೂನು, ಬ್ಲೇಡು, ತಲೆಗೆ ಹಚ್ಚುವ ಎಣ್ಣೆ, ದೇವರ ಹೂಬತ್ತಿ ಎಲ್ಲವೂ ಸಾಮಾನಿನ ಖೋಲಿಯಲ್ಲಿ. ಖೋಲಿಗೆ ಒಂದೇ ಕೀಲಿ, ಕೀಲಿಕೈ ಕಾಕುವಿನ ಸೊಂಟದಲ್ಲಿ. ಆರು ಗಂಟೆಗೆಲ್ಲ ಅವಳು ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತರೆ, ನಾವು ಹೆಗಲಿಗೆ ಟವೆಲ್ ಹಾಕಿಕೊಂಡು ಪಾಳಿ ಹಚ್ಚಬೇಕು.

“ಕಾಕು, ಸಾಬೂನು ಮುಗೀತು.”

“ಮೊನ್ನೆನ ಕೊಟ್ಟಿದ್ನೆಲ್ಲೊ! ತಿಂತಿಯೇನು ಸಾಬೂನು? ಕೂಡು. ರಾತ್ರಿ ಒಂದ ಭಕ್ರಿ ತಿಂದು ಯಾಕ ಎದ್ದಿ? ಕೆಮ್ಮು ಹೆಂಗದ? ಅವ್ವಗ ಪತ್ರಾ ಬರದ್ಯೋ ಇಲ್ಲೋ?”

“ಬಸ್ ಹೋಗ್ತದ ಕಾಕು!”

“ಹೋದರ ಇನ್ನೊಂದು ಬರ್ತದ. ಮೊದಲ ಹೇಳು.”

ಇದೇ ಹೊತ್ತಿಗೆ ಆಫೀಸಿನಲ್ಲಿ ನನ್ನ ಕೆಲಸವೂ ಒಂದು ಬಗೆಯ ಉಗ್ರಾಣದ್ದೇ. ಕಂಪ್ಯೂಟರಿನ ಮೆಮೊರಿಯನ್ನು ತುಂಡು ತುಂಡಾಗಿ ಹಂಚಿ, ಕೆಲಸವಾದ ಮೇಲೆ ವಾಪಸು ಪಡೆಯುವ ಪ್ರೋಗ್ರಾಂ ಬರೆಯುತ್ತಿದ್ದೆ. ಒಂದೇ ಪ್ರೋಗ್ರಾಮಿನೊಳಗೆ ಒಟ್ಟಿಗೆ ದುಡಿಯುವ ಹತ್ತಾರು ಕೈಗಳಿರುತ್ತವೆ. ಅವಕ್ಕೆ ಥ್ರೆಡ್ ಎನ್ನುತ್ತೇವೆ. ಚೂರು ಮೆಮೊರಿ ಬೇಕಾದರೂ ಅವೆಲ್ಲ ನನ್ನ ಒಂದೇ ಬೀಗದ ಮುಂದೆ ಪಾಳಿ ಹಚ್ಚುತ್ತಿದ್ದವು. ಪ್ರೋಗ್ರಾಂ ಎಮ್ಮೆಯಂತೆ ನಡೆಯುತ್ತಿತ್ತು. ನಾನೊಂದು ಉಪಾಯ ಮಾಡಿದೆ. ಪ್ರತಿ ಥ್ರೆಡ್ಡಿಗೂ ಅದರದ್ದೇ ಒಂದು ಚೀಲ. ಬೇಕಾದದ್ದನ್ನು ಅದರಲ್ಲಿ ಮೊದಲೇ ತುಂಬಿಟ್ಟರಾಯಿತು. ಬೀಗದ ಮುಂದೆ ಕಾಯುವುದೇ ಬೇಡ! ಪ್ರೋಗ್ರಾಂ ಓಡಿತು, ಸಾಹೇಬರು ಬೆನ್ನು ತಟ್ಟಿದರು. ತಟ್ಟಿಸಿಕೊಂಡ ಬೆನ್ನು ಸುಮ್ಮನಿರುತ್ತದೆಯೇ? ಬುದ್ಧಿವಂತಿಕೆಯನ್ನು ಮನೆಗೂ ಹೊತ್ತು ತಂದೆ.

ಕೀಲಿ ಹಾಕುವ ನಾಲ್ಕು ಡಬ್ಬಿ ಕೊಂಡು, ಒಂದೊಂದರ ಮೇಲೆ ಒಬ್ಬೊಬ್ಬರ ಹೆಸರು ಬರೆದು, ಕಾಕುವಿನ ಮುಂದೆ ಸಾಲಾಗಿ ಇಟ್ಟೆ.

“ತಿಂಗಳಿಗೊಮ್ಮೆ ತುಂಬಿಬಿಡು ಕಾಕು. ಆಮ್ಯಾಲ ನಿನ್ನ ಜೀವಾ ತಿನ್ನಲಿಕ್ಕೆ ಯಾರೂ ಬರೂದಿಲ್ಲ.”

“ಯಾರೂ ಬರೂದಿಲ್ಲೇನು?”

“ಒಬ್ಬರೂ ಬರೂದಿಲ್ಲ!” ಎಂದೆ, ಎದೆಯುಬ್ಬಿಸಿ.

ಎರಡು ವಾರಕ್ಕೆ ಆಫೀಸಿನಲ್ಲಿ ನನ್ನ ಪ್ರೋಗ್ರಾಂ ಮೆಮೊರಿ ಸಾಲದೆ ನೆಲಕಚ್ಚಿತು. ಹುಡುಕಿ ನೋಡಿದರೆ, ಕೆಲಸ ಮುಗಿಸಿದ ಥ್ರೆಡ್ಡುಗಳೆಲ್ಲ ತಮ್ಮ ಚೀಲ ವಾಪಸು ಕೊಡದೆ ಹೋಗಿದ್ದವು. ಒಪ್ಪಿಸಿ ಹೋಗಿ ಎಂದು ಅವಕ್ಕೆ ಹೇಳಬೇಕಾದ ಮಹಾಶಯ ಯಾರು? ನಾನೇ! ಬೈಸಿಕೊಂಡು, ಸರಿ ಮಾಡಿ, ಮತ್ತೆ ಬೀಗುತ್ತ ಮನೆಗೆ ಬಂದರೆ ದೇವರ ಮುಂದೆ ಕತ್ತಲೆ. ಪೂಜೆ ಮಾಡುವವರೆಂದು ಹೂಬತ್ತಿಯೆಲ್ಲ ಕಾಕಾನ ಡಬ್ಬಿಯಲ್ಲಿ, ಡಬ್ಬಿಯ ಕೀಲಿಕೈ ಕಾಕಾನ ಜನಿವಾರದಲ್ಲಿ, ಕಾಕಾ ಗೆಳೆಯರ ಜೊತೆ ಜೇಜುರಿಯ ಯಾತ್ರೆಯಲ್ಲಿ!

ನಾನು ಆಫೀಸಿನ ಕಥೆ ಹೇಳಿದೆ. ಕಾಕು ಪೂರ್ತಿ ಕೇಳಿ, “ಅಲ್ಲಿ ಸರಿ ಮಾಡಿದ್ಯಲ್ಲಪಾ, ಇಲ್ಲಿ ಯಾವಾಗ ಮಾಡ್ತಿ?” ಎಂದಳು. ಆ ಸಂಜೆ ಹತ್ತಿ ಹೊಸೆದು ಬತ್ತಿ ಮಾಡಿದ್ದು ನಾನೇ. ನಾಲ್ಕರಲ್ಲಿ ಒಂದು ಉರಿಯಿತು.

ಇಷ್ಟಾದರೂ ಡಬ್ಬಿಗಳು ಉಳಿದವು. ಬೆಳಿಗ್ಗೆ ನಾವು ಟಣಟಣ ಡಬ್ಬಿ ತೆಗೆದು, ಮಿಂದು, ಬಸ್ಸು ಹಿಡಿಯುತ್ತಿದ್ದೆವು. ಕಾಕು ಮಾತ್ರ ಆರಕ್ಕೆಲ್ಲ ಅದೇ ಬಾಗಿಲಲ್ಲಿ ಅದೇ ಮಣೆಯ ಮೇಲೆ ಕೂತಿರುತ್ತಿದ್ದಳು. ರೂಢಿ ಇರಬೇಕು ಎಂದುಕೊಂಡೆ. ಜಾಣನಲ್ಲವೇ ನಾನು!

ಆಮೇಲೊಂದು ವಿಚಿತ್ರ ಶುರುವಾಯಿತು. ನನ್ನ ಸಾಬೂನು ತಿಂಗಳ ನಡುವೆಯೇ ಮುಗಿಯತೊಡಗಿತು. ಕಾಕುವಿಗೆ ಯಾಕೆ ತ್ರಾಸು ಎಂದು ಮೂಲೆಯಂಗಡಿಯಿಂದ ನಾನೇ ಕೊಂಡು ತಂದೆ. ಅದು ನನ್ನ ಕೈಯಲ್ಲಿದ್ದದ್ದನ್ನು ಕಾಕು ನೋಡಿದಳು. ಒಳಗೆ ಹೋದಳು.

ಮುಂದಿನ ಸಲ ಡಬ್ಬಿ ತುಂಬುವ ರವಿವಾರ ನೀರು ಕುಡಿಯಲೆಂದು ಅಡಿಗೆಮನೆಗೆ ಹೋದವನು ಬಾಗಿಲಲ್ಲೇ ನಿಂತೆ. ಕಾಕು ಈಳಿಗೆಯ ಮುಂದೆ ಕೂತು ನನ್ನ ಸಾಬೂನನ್ನು ಎರಡು ಹೋಳು ಮಾಡುತ್ತಿದ್ದಳು. ಒಂದು ಹೋಳನ್ನು ನನ್ನ ಡಬ್ಬಿಗೆ ಹಾಕಿ, ಇನ್ನೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಮೊದಲು ನಗು ಬಂತು. ಆಮೇಲೆ ಹೊಳೆಯಿತು, ಸಾಬೂನು ಬೇಗ ಮುಗಿದರೆ ನಾನು ಮತ್ತೆ ಅವಳ ಬಾಗಿಲಿಗೆ ಬರಬೇಕಲ್ಲ! ವಾಡೆಯ ತುಂಬ ಮರಾಠಿ. ಕಾಕುವಿನ ಮರಾಠಿ ಮೆಂತ್ಯಪಲ್ಯೆಯ ಚೌಕಾಸಿಗೆ ಸಾಲುವಷ್ಟು ಮಾತ್ರ. ನಾವು ಗಂಡಸರೋ ರಾತ್ರಿ ಬಂದು ಉಂಡು ಮಲಗುವವರು. ಅವಳಿಗೆ ದಿನಕ್ಕೊಮ್ಮೆ ಬಾಯ್ತುಂಬ ಕನ್ನಡ ಸಿಗುತ್ತಿದ್ದದ್ದು ಆ ಪಾಳಿಯಲ್ಲಿ. ಅದನ್ನೇ ನಾನು ದಂಡವೆಂದು ತೆಗೆದುಹಾಕಿದ್ದೆ.

ಮರುದಿನ ಬೆಳಿಗ್ಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಖೋಲಿಯ ಬಾಗಿಲಿಗೆ ಹೋಗಿ ನಿಂತೆ.

“ಕಾಕು, ಸಾಬೂನು ಮುಗೀತು.”

“ನಿನ್ನೆನ ತುಂಬೇನೆಲ್ಲೊ! ತಿಂತಿಯೇನು?” ಬೈಗುಳಕ್ಕಿಂತ ಮೊದಲೇ ಕೀಲಿಕೈ ಅವಳ ಕೈಗೆ ಬಂದಿತ್ತು. ಮುಖ ಅರಳಿತ್ತು. “ಕೂಡು. ಕೆಮ್ಮು ಹೆಂಗದ?”

ಟವೆಲ್ಲಿನೊಳಗೆ ಅಡಗಿಸಿಟ್ಟಿದ್ದ ಮೂಲೆಯಂಗಡಿಯ ಇಡೀ ಸಾಬೂನನ್ನು ಇನ್ನಷ್ಟು ಒತ್ತಿ ಹಿಡಿದು ಕೂತೆ. ಆಗಲೇ ಆಫೀಸಿಗೆ ಹೋಗುವ ಕೋಥರೂಡದ ಬಸ್ಸು ಹೋಗಿರಬೇಕು. ಹೋಗಲಿ. ಹಿಂದೆ ಯಾರೋ ಕೆಮ್ಮಿದಂತಾಗಿ ತಿರುಗಿ ನೋಡಿದರೆ ಕಾಕಾ, ಹೆಗಲ ಮೇಲೆ ಟವೆಲ್.

“ಲಗೂ ಮುಗಸೋ,” ಎಂದರು. “ನನ್ನ ಹೂಬತ್ತೀನೂ ಮುಗದಾವ.”